ನೆರೆಯ ಬೈಲುಕುಪ್ಪೆಯಲ್ಲಿ ಪೌರತ್ವದ ಪ್ರಶ್ನೆ

ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಬಾಲಕನಿಗೆ ಪೌರತ್ವವೆಂಬುದು ಗಾಳಿ ನೀರುಗಳಷ್ಟೇ ಸಹಜವಾದುದು. ಹದಿನೆಂಟು ವರ್ಷ ತುಂಬಿದಾಗ ಅವನು ಮತದಾರನಾಗುತ್ತಾನೆ. ಅದಕ್ಕಾಗಿ ಹುಟ್ಟಿದ ಮನೆಯನ್ನು ತೊರೆಯಬೇಕಾದೀತೆಂಬ ಶಂಕೆ ಅವನಿಗೆ ಕನಸಿನಲ್ಲಿಯೂ ಬಾರದು. ಆದರೆ ಅರಕಲಗೂಡಿನಿಂದ ಕೊಣನೂರಿನ ಮಾರ್ಗವಾಗಿ ಕುಶಾಲನಗರವನ್ನು ದಾಟಿದೊಡನೆ ಎದುರಾಗುವ ಬೈಲುಕುಪ್ಪೆಯಲ್ಲಿ ಇದು ನಿತ್ಯಜೀವನದ ಪ್ರಶ್ನೆಯೇ ಆಗಿದೆ.

1959ರಲ್ಲಿ ದಲೈ ಲಾಮಾ ಅವರೊಡನೆಯೂ ಅವರ ಹಿಂದೆಯೂ ಸಹಸ್ರಾರು ಟಿಬೆಟಿಯನರು ಭಾರತಕ್ಕೆ ಬಂದರು. 1960ರಲ್ಲಿ ಅಂದಿನ ಮೈಸೂರು ಸರ್ಕಾರವು ಬೈಲುಕುಪ್ಪೆಯಲ್ಲಿ ಸುಮಾರು 3,000 ಎಕರೆ ಭೂಮಿಯನ್ನು ಅವರಿಗಾಗಿ ಗುತ್ತಿಗೆಯ ಮೇಲೆ ಒದಗಿಸಿತು. ಹಿಮದ ನಾಡಿನವರು ಕಾಡು ಕಡಿದು, ಆನೆಗಳ ಹಾವಳಿಯನ್ನು ಸಹಿಸಿ, ಮುಸುಕಿನ ಜೋಳ ಬೆಳೆಯಲು ಕಲಿತರು. ಚಳಿಗಾಲದಲ್ಲಿ ಊರೂರು ಸುತ್ತಿ ಉಣ್ಣೆಯ ಅಂಗಿ ಮಾರಿದರು. ಸಂತೆಯಲ್ಲಿ ಕನ್ನಡ ನಾಲಿಗೆಗೆ ಬಂದಿತು. ಆದರೆ ನೆಲೆ ದೊರೆತಷ್ಟು ಬೇಗ ಹಕ್ಕು ದೊರೆಯಲಿಲ್ಲ. ಅವರ ಕೈಗೆ ಬಂದುದು ವಿದೇಶೀಯರ ನೋಂದಣಿ ಪತ್ರ. ಅವಧಿಗೊಮ್ಮೆ ಅದನ್ನು ನವೀಕರಿಸಿಕೊಳ್ಳಬೇಕು. ಶಾಲಾ ಪ್ರವಾಸದಲ್ಲಿ ಅಲ್ಲಿಯ ಸ್ವರ್ಣಮಂದಿರವನ್ನು ಕಂಡು ಬೆರಗಾಗುವ ನಮ್ಮ ಮಕ್ಕಳಿಗೆ ಈ ಪತ್ರ ಕಾಣಸಿಗುವುದಿಲ್ಲ.

1955ರ ಪೌರತ್ವ ಕಾಯಿದೆಯಂತೆ, 1950ರ ಜನವರಿ 26ರಿಂದ 1987ರ ಜುಲೈ 1ರ ಮುನ್ನ ಭಾರತದಲ್ಲಿ ಹುಟ್ಟಿದವನು ಹುಟ್ಟಿನಿಂದಲೇ ಪ್ರಜೆ. ಅನಂತರ ಹುಟ್ಟಿದವನಿಗಾದರೋ ತಂದೆತಾಯಿಗಳ ಪೌರತ್ವವೂ ಗಣನೆಗೆ ಬರುತ್ತದೆ. ಹೀಗಾಗಿ ಒಂದೇ ಮನೆಯಲ್ಲಿ ಲಾಸಾದಿಂದ ನಡೆದು ಬಂದ ಅಜ್ಜ ನಿರಾಶ್ರಿತ, ಬೈಲುಕುಪ್ಪೆಯಲ್ಲಿ 1970ರಲ್ಲಿ ಹುಟ್ಟಿದ ಮಗ ಕಾನೂನಿನ ದೃಷ್ಟಿಯಲ್ಲಿ ಭಾರತೀಯ. ಆದರೂ ಇಬ್ಬರ ಪೆಟ್ಟಿಗೆಯಲ್ಲಿಯೂ ಇದ್ದುದು ಒಂದೇ ಬಗೆಯ ಪತ್ರ! ದೆಹಲಿ ಉಚ್ಚ ನ್ಯಾಯಾಲಯವು 2010ರಲ್ಲಿ, ಕರ್ನಾಟಕ ಉಚ್ಚ ನ್ಯಾಯಾಲಯವು 2013ರಲ್ಲಿ ಇಂಥವರ ಪೌರತ್ವವನ್ನು ಎತ್ತಿಹಿಡಿದವು. 2014ರಲ್ಲಿ ಚುನಾವಣಾ ಆಯೋಗವು ಅವರನ್ನು ಮತದಾರರ ಪಟ್ಟಿಗೆ ಸೇರಿಸಿಕೊಳ್ಳಲು ಸೂಚಿಸಿತು.

ಕೆಲವರು ಸೇರಿದರು, ಹಲವರು ಹಿಂದೆಗೆದರು. ಕಾರಣ ಆಲಸ್ಯವಲ್ಲ. ಭಾರತದ ಪಾಸ್‌ಪೋರ್ಟ್ ಬಯಸುವ ಟಿಬೆಟಿಯನರು ನೋಂದಣಿ ಪತ್ರವನ್ನು ಒಪ್ಪಿಸಬೇಕು, ನಿರಾಶ್ರಿತರ ಸವಲತ್ತುಗಳನ್ನು ಬಿಡಬೇಕು, ಶಿಬಿರದಲ್ಲಿ ವಾಸಿಸಕೂಡದು ಎಂಬ ನಿಬಂಧನೆಗಳು 2017ರಲ್ಲಿ ಬಂದವು. ನೆರೆಹೊರೆ, ಮಠ, ಹಿರಿಯರ ಸಮಾಧಿಸ್ಥಾನಗಳಿಂದ ದೂರವಾಗಿ ಪಡೆಯುವ ಪೌರತ್ವದ ಬೆಲೆ ಅಲ್ಪವೇನಲ್ಲ. ಸರ್ಕಾರಿ ಉದ್ಯೋಗವನ್ನು ಬಯಸುವ ಯುವಕನಿಗೆ ಅದು ಬೇಕು. ಒಂದಲ್ಲ ಒಂದು ದಿನ ಸ್ವದೇಶಕ್ಕೆ ಮರಳುವೆನೆಂದು ಜಪಮಾಲೆ ತಿರುಗಿಸುವ ಅಜ್ಜಿಗೆ ನವೀಕರಿಸಿದ ಹಳೆಯ ಪತ್ರವೇ ಆ ದೇಶದೊಡನೆ ಉಳಿದಿರುವ ನಂಟು. ಇಬ್ಬರೂ ಒಂದೇ ಸೂರಿನಡಿ ಊಟಕ್ಕೆ ಕೂರುತ್ತಾರೆ.