ಅಧ್ಯಾಪಕರು ಮೊದಲೇ ಎಚ್ಚರಿಸಿದ್ದರು: ಅಮೆರಿಕದ ಕಾಲೇಜುಗಳಲ್ಲಿ ಸುರಕ್ಷತೆ ಮತ್ತು ವ್ಯಾಸಂಗ ಬಿಡಿಸುವ ನಿಯಮ
2007ರ ಏಪ್ರಿಲ್ 16ರಂದು ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ ಅಲ್ಲಿಯದೇ ವಿದ್ಯಾರ್ಥಿಯೊಬ್ಬ ಗುಂಡು ಹಾರಿಸಿ 32 ಜನರನ್ನು ಕೊಂದು ತಾನೂ ಸತ್ತನು. ಮಡಿದವರಲ್ಲಿ ತಮಿಳುನಾಡು ಮೂಲದ ಸಿವಿಲ್ ಎಂಜಿನಿಯರಿಂಗ್ ಪ್ರಾಧ್ಯಾಪಕ ಜಿ. ವಿ. ಲೋಗನಾಥನ್ ಸಹ ಇದ್ದರು. ಪಾಠ ಹೇಳುತ್ತಿದ್ದ ಕೊಠಡಿಯಲ್ಲಿಯೇ ಅವರ ಪ್ರಾಣ ಹೋಯಿತು.

ಹೆಚ್ಚು ನೋವು ತರುವ ಸಂಗತಿ ಎಂದರೆ, ಅಧ್ಯಾಪಕರು ಒಂದೂವರೆ ವರ್ಷ ಮೊದಲೇ ಅಪಾಯವನ್ನು ಗುರುತಿಸಿದ್ದರು. 2005ರಲ್ಲಿ ಕವಯಿತ್ರಿ ನಿಕ್ಕಿ ಜಿಯೋವಾನಿ ಅವರು ಆ ಹುಡುಗನನ್ನು ತಮ್ಮ ತರಗತಿಯಿಂದ ತೆಗೆಯದಿದ್ದರೆ ತಾವೇ ರಾಜೀನಾಮೆ ಕೊಡುವುದಾಗಿ ಹೇಳಿದ್ದರು. ಇಂಗ್ಲಿಷ್ ವಿಭಾಗದ ಮುಖ್ಯಸ್ಥೆ ಲೂಸಿಂಡಾ ರಾಯ್ ಅವನಿಗೆ ಪ್ರತ್ಯೇಕವಾಗಿ ಪಾಠ ಹೇಳಿದರು. ಆಪ್ತ ಸಲಹೆ ಪಡೆಯುವಂತೆ ಮತ್ತೆ ಮತ್ತೆ ಒತ್ತಾಯಿಸಿದರು. ಆಡಳಿತಕ್ಕೂ ಪೊಲೀಸರಿಗೂ ತಿಳಿಸಿದರು. ಅದೇ ಡಿಸೆಂಬರಿನಲ್ಲಿ ಅವನು ಚಿಕಿತ್ಸೆ ಪಡೆಯಬೇಕೆಂದು ನ್ಯಾಯಾಲಯದ ಆದೇಶವೂ ಆಯಿತು. ಆದರೆ ಚಿಕಿತ್ಸೆ ನಡೆಯಿತೇ ಎಂದು ಯಾರೂ ವಿಚಾರಿಸಲಿಲ್ಲ. ಹೆತ್ತವರಿಗೆ ಈ ವಿಷಯವೇ ತಿಳಿದಿರಲಿಲ್ಲ.

ರಾಜ್ಯಪಾಲರು ನೇಮಿಸಿದ ಸಮಿತಿ ಅದೇ ವರ್ಷ ವರದಿ ಕೊಟ್ಟಿತು. ವಿದ್ಯಾರ್ಥಿಯ ಖಾಸಗಿ ವಿಷಯ ಹೇಳಬಾರದೆಂಬ ಕಾನೂನನ್ನು ತಪ್ಪಾಗಿ ತಿಳಿದು ಪ್ರತಿಯೊಂದು ಕಚೇರಿಯೂ ತನಗೆ ಗೊತ್ತಿದ್ದುದನ್ನು ತನ್ನಲ್ಲೇ ಇಟ್ಟುಕೊಂಡಿತ್ತು. ಒಂದೇ ಅಂಗಡಿಯ ಲೆಕ್ಕವನ್ನು ನಾಲ್ವರು ನಾಲ್ಕು ಪುಸ್ತಕಗಳಲ್ಲಿ ಬರೆದು, ಯಾರೂ ಕೂಡಿಸಿ ನೋಡದಿದ್ದರೆ ಆಗುವಂತೆಯೇ ಇದು. 2008ರಲ್ಲಿ ಆ ರಾಜ್ಯದ ಸರ್ಕಾರಿ ಕಾಲೇಜುಗಳಲ್ಲಿ ಇಂತಹ ಮಾಹಿತಿಯನ್ನು ಒಟ್ಟಿಗೆ ಪರಿಶೀಲಿಸುವ ತಂಡ ಇರಬೇಕೆಂದು ಕಾನೂನಾಯಿತು. ಜೀವಕ್ಕೆ ಅಪಾಯವಿದ್ದಾಗ ಹೆತ್ತವರಿಗೂ ತಿಳಿಸಬಹುದೆಂದು ಕೇಂದ್ರದ ನಿಯಮವೂ ಇನ್ನಷ್ಟು ಸ್ಪಷ್ಟವಾಯಿತು.

ಇದಕ್ಕೆ ಇನ್ನೊಂದು ಮುಖವೂ ಇದೆ. ಸುರಕ್ಷತೆಯ ಹೆಸರಿನಲ್ಲಿ ಮನಸ್ಸು ಕುಗ್ಗಿದ ವಿದ್ಯಾರ್ಥಿಯನ್ನೇ ಹೊರಗೆ ಕಳುಹಿಸಿದರೆ, ಮುಂದಿನವನು ಬಾಯಿ ಬಿಡುವುದಿಲ್ಲ. ಯೇಲ್ ವಿಶ್ವವಿದ್ಯಾಲಯದಲ್ಲಿ ಮಾನಸಿಕ ಕಾರಣಕ್ಕೆ ವ್ಯಾಸಂಗ ಬಿಟ್ಟವರಿಗೆ ಆರೋಗ್ಯ ವಿಮೆ ತಪ್ಪುತ್ತಿತ್ತು, ಕ್ಯಾಂಪಸ್ಸಿಗೆ ಬರುವಂತಿರಲಿಲ್ಲ. 2022ರ ನವೆಂಬರಿನಲ್ಲಿ ವಿದ್ಯಾರ್ಥಿಗಳು ಮತ್ತು ಹಳೆಯ ವಿದ್ಯಾರ್ಥಿಗಳ ಗುಂಪು ಮೊಕದ್ದಮೆ ಹೂಡಿತು. 2023ರ ಜನವರಿಯಲ್ಲಿ ನಿಯಮ ಬದಲಾಗಿ, ಅದು ರಜೆ ಎನಿಸಿತು. ವಿಮೆ ಉಳಿಸಿಕೊಳ್ಳುವ ಅವಕಾಶವೂ ಬಂದಿತು. ಚಿಕಿತ್ಸೆ ಬೇಕಾದ ಹೊತ್ತಿನಲ್ಲಿಯೇ ವಿಮೆ ಕಸಿಯುವ ನಿಯಮ ಅಷ್ಟು ವರ್ಷ ಹೇಗೆ ನಡೆಯಿತೋ!

ಸಮಾಜದ ಎಷ್ಟೋ ಮನೆಗಳ ಮಕ್ಕಳು ಅಲ್ಲಿ ಓದುತ್ತಿರುವುದರಿಂದ ತಂದೆ ತಾಯಿಯರು ತಿಳಿದಿರಬೇಕಾದ್ದು ಇದೆ. ಕಾಲೇಜು ಸೇರಿದ ಮೇಲೆ ವಿದ್ಯಾರ್ಥಿಯ ದಾಖಲೆಗಳ ಹಕ್ಕು ವಿದ್ಯಾರ್ಥಿಯದೇ. ಶುಲ್ಕ ಕಟ್ಟಿದವರು ನಾವು ಎಂದರೆ ಅಲ್ಲಿ ನಡೆಯುವುದಿಲ್ಲ. ಹೆತ್ತವರಿಗೆ ಮಾಹಿತಿ ಕೊಡಬಹುದೆಂದು ಮಗ ಅಥವಾ ಮಗಳು ಲಿಖಿತ ಒಪ್ಪಿಗೆ ಕೊಟ್ಟಿದ್ದರೆ ಕಾಲೇಜಿನೊಡನೆ ಮಾತನಾಡುವುದು ಸುಲಭ. ಸೇರುವಾಗಲೇ ಇದನ್ನು ಮಾಡಿಸುವುದು ಒಳ್ಳೆಯದು.

ಎಫ್-1 ವೀಸಾದಲ್ಲಿರುವವರು ಕಾಲೇಜಿನ ಅಂತಾರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯನ್ನು ಕೇಳದೆ ತರಗತಿ ಬಿಡಬಾರದು. ಅನುಮತಿ ಪಡೆದು ವ್ಯಾಸಂಗ ಬಿಟ್ಟರೆ ದೇಶ ಬಿಡಲು 15 ದಿನ ಸಿಗುತ್ತದೆ. ಹೇಳದೆ ಬಿಟ್ಟರೆ ಅದೂ ಇಲ್ಲ. ವೈದ್ಯರ ಶಿಫಾರಸಿನ ಮೇಲೆ, ಕಚೇರಿ ಮೊದಲೇ ಒಪ್ಪಿದರೆ, ಒಂದು ಹಂತದ ಪದವಿಗೆ ಒಟ್ಟು 12 ತಿಂಗಳವರೆಗೆ ತರಗತಿ ಕಡಿಮೆ ಮಾಡಿಕೊಂಡು ಅಲ್ಲಿಯೇ ಚಿಕಿತ್ಸೆ ಪಡೆಯಬಹುದು. ಈ ದಾರಿ ಇರುವುದು ಗೊತ್ತಿಲ್ಲದ ಮಕ್ಕಳು ವೀಸಾ ಹೋದೀತೆಂಬ ಭಯದಿಂದ ಕಾಯಿಲೆಯನ್ನು ಮನೆಯವರಿಂದಲೂ ಮುಚ್ಚಿಡಬಹುದು.