ಅಪರೂಪದ ಪಕ್ಷಿ ಕಂಡಾಗ ವಿವರ ದಾಖಲಿಸುವ ಕುರಿತು ಸಾರ್ವಜನಿಕ ಮಾಹಿತಿ

ಹಾವೇರಿ ಜಿಲ್ಲೆ ಶಿಗ್ಗಾಂವ ತಾಲೂಕಿನ ಬಂಕಾಪುರ ಕೋಟೆಯ ಆವರಣದಲ್ಲಿ ಸುಮಾರು 139 ಎಕರೆ ವಿಸ್ತೀರ್ಣದ ನವಿಲುಧಾಮವು 2006ರಲ್ಲಿ ಅಸ್ತಿತ್ವಕ್ಕೆ ಬಂದಿರುತ್ತದೆ. ನವಿಲನ್ನು ಗುರುತಿಸಲು ಯಾರ ನೆರವೂ ಬೇಕಿಲ್ಲ. ಆದರೆ ಅದೇ ಕೋಟೆಯ ಕಂದಕದಲ್ಲಿ, ತಾಲೂಕಿನ ಕೆರೆ ಹಾಗೂ ಜೋಳದ ಹೊಲಗಳಲ್ಲಿ ಕಾಣುವ ಅಪರಿಚಿತ ಪಕ್ಷಿಯ ಹೆಸರು ತಿಳಿಯಲು ಮತ್ತು ಅದನ್ನು ಇತರರಿಗೆ ಉಪಯುಕ್ತವಾಗುವಂತೆ ದಾಖಲಿಸಲು ನಾಗರಿಕರು ಅನುಸರಿಸಬಹುದಾದ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ದಿನಾಂಕ, ವೇಳೆ, ಸ್ಥಳ, ಪಕ್ಷಿಗಳ ಸಂಖ್ಯೆ ಮತ್ತು ಕಂಡ ಲಕ್ಷಣಗಳನ್ನು ಸ್ಥಳದಲ್ಲಿಯೇ ಬರೆದುಕೊಳ್ಳತಕ್ಕದ್ದು. ದಿನಾಂಕವಿಲ್ಲದ ರಸೀದಿಯಂತೆಯೇ ದಿನಾಂಕವಿಲ್ಲದ ಛಾಯಾಚಿತ್ರವೂ ಲೆಕ್ಕಕ್ಕೆ ಬಾರದು. ಸ್ಥಳದ ಹೆಸರಿನೊಂದಿಗೆ ತಾಲೂಕು ಮತ್ತು ಜಿಲ್ಲೆಯನ್ನು ತಪ್ಪದೇ ನಮೂದಿಸಬೇಕು. ಬಂಕಾಪುರ ಎಂಬ ಊರು ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲೂಕಿನಲ್ಲಿಯೂ ಇದ್ದು, ಅದು ತೋಳಗಳಿಗೆ ಹೆಸರಾಗಿದೆ. ಚಳಿಗಾಲದಲ್ಲಿ ಮಂಗೋಲಿಯಾ, ಟಿಬೆಟ್ ಕಡೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬಂದಿಳಿಯುವ ಮಾಗಡಿ ಕೆರೆಯು ಗದಗ ಜಿಲ್ಲೆಯ ಶಿರಹಟ್ಟಿ ತಾಲೂಕಿನದು. 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ್ದೂ ಇದೇ ಕೆರೆ. ಬರೀ 'ಮಾಗಡಿ' ಎಂದು ಬರೆದಲ್ಲಿ ಓದುಗರು ಬೆಂಗಳೂರಿನ ಸಮೀಪದ ಮಾಗಡಿ ಎಂದೇ ಭಾವಿಸುವರು.

ಅಪರೂಪವೆಂದು ತೋರಿದ್ದೆಲ್ಲವೂ ಅಪರೂಪವಲ್ಲ. ಜೋಳದ ಹೊಲಗಳಿಗೆ ಗುಂಪಾಗಿ ಬರುವ ವಲಸಿಗ ಗುಲಾಬಿ ಕಬ್ಬಕ್ಕಿಯ ಮರಿಗಳು ಗುಲಾಬಿ ಬಣ್ಣದವಲ್ಲ, ಮಾಸಲು ಕಂದು. ಇವನ್ನು ಹೊಸ ಪಕ್ಷಿಯೆಂದು ತಿಳಿಯುವುದು ಸಹಜ.

ದಾಖಲೆ ಸಲ್ಲಿಸಲು ಇ-ಬರ್ಡ್ ಎಂಬ ಅಂತರ್ಜಾಲ ವ್ಯವಸ್ಥೆಯು ಉಚಿತವಾಗಿ ಲಭ್ಯವಿದೆ. ಅಮೆರಿಕದ ಕಾರ್ನೆಲ್ ಪಕ್ಷಿವಿಜ್ಞಾನ ಸಂಸ್ಥೆಯು ಇದನ್ನು 2002ರಲ್ಲಿ ಆರಂಭಿಸಿತು. ಆಯಾ ಪ್ರದೇಶದಲ್ಲಿ ಆಯಾ ತಿಂಗಳು ನಿರೀಕ್ಷಿತವಲ್ಲದ ಪಕ್ಷಿಯನ್ನು ನಮೂದಿಸಿದಾಗ ವ್ಯವಸ್ಥೆಯು ಹೆಚ್ಚಿನ ವಿವರ ಕೇಳುತ್ತದೆ. ತರುವಾಯ ಅನುಭವಿ ಸ್ವಯಂಸೇವಕರು ಪರಿಶೀಲಿಸುವರು. ಅವರು ಪ್ರಶ್ನಿಸಿದರೆ ಅದನ್ನು ಅವಿಶ್ವಾಸವೆಂದು ಭಾವಿಸಬಾರದು. ಮೊಬೈಲ್ ತಂತ್ರಾಂಶವು ಕೂಗು ಕೇಳಿ ಸೂಚಿಸುವ ಹೆಸರು ಸುಳಿವು ಮಾತ್ರ. ಅದೊಂದನ್ನೇ ಪುರಾವೆಯಾಗಿ ಸಲ್ಲಿಸತಕ್ಕದ್ದಲ್ಲ.

ಈ ಪರಿಶೀಲನೆ ಏಕೆ ಅಗತ್ಯವೆಂಬುದಕ್ಕೆ ಜಿಲ್ಲೆಯಲ್ಲಿಯೇ ನಿದರ್ಶನವಿದೆ. 1974ರಲ್ಲಿ ಘೋಷಿತವಾದ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯವು ಹಿಂದೆ, ಎರೆಭೂತವೆಂದೂ ಕರೆಯಲ್ಪಡುವ ದೊರವಾಯನ ಹಕ್ಕಿಯ ನೆಲೆಯಾಗಿತ್ತು. ರಾಜ್ಯದಲ್ಲಿ ಈಗ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಭಾಗದಲ್ಲಿ ಬೆರಳೆಣಿಕೆಯಷ್ಟು ಮಾತ್ರ ಉಳಿದಿವೆ. ದೂರದ ಹೊಲದಲ್ಲಿ ಬಿಳಿ ಕೊರಳು, ಕಪ್ಪು ನೆತ್ತಿಯ ದೊಡ್ಡ ಪಕ್ಷಿ ನಿಂತಿದ್ದರೆ ಅದು ದೊರವಾಯನವಿರಬಹುದು, ಬಿಳಿಕೊರಳ ಕೊಕ್ಕರೆಯೂ ಇರಬಹುದು. ಕೊಕ್ಕರೆಗೆ ಹೊಳೆಯುವ ಕಪ್ಪು ಬೆನ್ನು, ಉದ್ದನೆಯ ಕೊಕ್ಕು, ಕೆಂಪು ಕಾಲು. ದೊರವಾಯನಕ್ಕೆ ಕಂದು ಬೆನ್ನು, ಗಿಡ್ಡ ಕೊಕ್ಕು, ಹಳದಿ ಛಾಯೆಯ ಕಾಲು. ತಪ್ಪು ವರದಿಯಿಂದ ರಕ್ಷಣೆಯ ಪ್ರಯತ್ನ ಬೇರೆ ಹೊಲಕ್ಕೆ ಹೋಗುತ್ತದೆ. ನಿಜವಾದ ಪಕ್ಷಿಯನ್ನು ಕೊಕ್ಕರೆಯೆಂದು ಬಿಟ್ಟರೆ ಆಗುವ ಹಾನಿ ಇನ್ನೂ ದೊಡ್ಡದು. ಆದುದರಿಂದ ಬೆನ್ನು, ಕೊಕ್ಕು ಮತ್ತು ಕಾಲುಗಳ ಬಣ್ಣವನ್ನು, ಚಿತ್ರ ಅಸ್ಪಷ್ಟವಾಗಿದ್ದರೂ, ಬರಹದಲ್ಲಿ ನಮೂದಿಸಬೇಕೆಂದು ಕೋರಲಾಗಿದೆ.

ಅಳಿವಿನಂಚಿನ ಪಕ್ಷಿಯ ಗೂಡಿನ ಸ್ಥಳವನ್ನು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಂಚತಕ್ಕದ್ದಲ್ಲ. ಅರಣ್ಯ ಇಲಾಖೆಗೆ ಮಾತ್ರ ತಿಳಿಸುವುದು ಸೂಕ್ತ. ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರನ್ವಯ ಸಂರಕ್ಷಿತ ಪಕ್ಷಿಗಳನ್ನು ಹಿಡಿಯುವುದು, ಅವುಗಳ ಮೊಟ್ಟೆ ತೆಗೆಯುವುದು, ಗೂಡು ಕೆಡಿಸುವುದು ಅಪರಾಧ. ಗಾಯಗೊಂಡ ಪಕ್ಷಿ ಕಂಡುಬಂದಲ್ಲಿ ಮನೆಗೆ ಒಯ್ಯದೇ ಅರಣ್ಯ ಸಹಾಯವಾಣಿ 1926ಕ್ಕೆ ಅಥವಾ ಸಮೀಪದ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ತಿಳಿಸುವುದು.