ಪಾಲಿಶ್ ಕೋಣೆಯ ಗಂಟೆಗಳು

ಗೇಟಿನೊಳಗೆ ಕಾಲಿಟ್ಟರೆ ಎಡಕ್ಕೆ ದಿಮ್ಮಿಗಳ ರಾಶಿ, ಬಲಕ್ಕೆ ಕಚೇರಿ. ಮಾಲೀಕರು ಕಚೇರಿಗೆ ಕರೆದರು. ಮೊದಲು ಮರ ಹೋಗುವ ದಾರಿಯಲ್ಲೇ ಹೋಗೋಣ, ಪುಸ್ತಕ ಆಮೇಲೆ ನೋಡೋಣ ಎಂದೆ. ಬೆಂಗಳೂರಿನ ಅಂಚಿನಲ್ಲಿರುವ ಈ ಪೀಠೋಪಕರಣ ಕಾರ್ಖಾನೆಯ ಹೆಸರು ಬೇಡ ಎಂದು ಅವರು ಮೊದಲೇ ಹೇಳಿದ್ದರು. ಅವರ ಕಷ್ಟ ಇಷ್ಟೇ: ಕೈತುಂಬ ಆರ್ಡರ್ ಇದೆ, ತಿಂಗಳ ಕೊನೆಗೆ ಕೈಯಲ್ಲಿ ಕಾಸು ನಿಲ್ಲುವುದಿಲ್ಲ. ಯಾವ ವಸ್ತು ಲಾಭ ತರುತ್ತಿದೆ, ಯಾವುದು ತಿನ್ನುತ್ತಿದೆ ಎಂಬುದು ಗೊತ್ತಾಗುತ್ತಿಲ್ಲ. ಮುಂದೆ ಬರುವ ರೂಪಾಯಿ ಅಂಕಿಗಳು ಅವರ ಪುಸ್ತಕದವಲ್ಲ, ಲೆಕ್ಕದ ರೀತಿ ತಿಳಿಯಲೆಂದು ನಾನೇ ದುಂಡಗೆ ಹಿಡಿದವು.

ದಿಮ್ಮಿಗಳಲ್ಲಿ ತೇಗವೇ ಹೆಚ್ಚು, ನಡುವೆ ಒಂದಷ್ಟು ಹೊನ್ನೆ, ಹಲಸು. ಪ್ರತಿಯೊಂದರ ತುದಿಯಲ್ಲೂ ಬಣ್ಣದಲ್ಲಿ ಎರಡು ಸಂಖ್ಯೆ ಬರೆದಿತ್ತು. ಒಂದು ಸುತ್ತಳತೆ, ಇನ್ನೊಂದು ಉದ್ದ. ಕೆಲವು ದಿಮ್ಮಿಗಳ ಮೇಲೆ ಮೂರನೆಯ ಗುರುತೂ ಇತ್ತು. ಅದೇನೆಂದು ಕೇಳಿದಾಗ ಇಬ್ಬರು ಎರಡು ಉತ್ತರ ಕೊಟ್ಟರು, ಯಾವುದು ಸರಿಯೋ ನನಗೆ ಖಚಿತವಾಗಲಿಲ್ಲ. ಅಳತೆಯ ಪದ್ಧತಿ ಮಾತ್ರ ಮರದ ವ್ಯಾಪಾರದಲ್ಲಿ ಬಹುಕಾಲದಿಂದ ಬಂದದ್ದು: ಸುತ್ತಳತೆಯ ಕಾಲುಭಾಗವನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸುವುದು. ಸುತ್ತಳತೆ 4 ಅಡಿ, ಉದ್ದ 10 ಅಡಿಯಿದ್ದರೆ ಒಂದೊಂದ್ಲಿ ಒಂದು, ಹತ್ತರಿಂದ ಗುಣಿಸಿ 10 ಘನ ಅಡಿ. ಅದೇ ದಿಮ್ಮಿಯನ್ನು ಶಾಲೆಯ ಗಣಿತದ ಸಿಲಿಂಡರ್ ಎಂದುಕೊಂಡು ಅಳೆದರೆ ಸುಮಾರು 12.7 ಘನ ಅಡಿ ಬರುತ್ತದೆ. ಅಂದರೆ ಈ ಪದ್ಧತಿ ನಿಜವಾದ ಗಾತ್ರದ ಶೇ 78.5ರಷ್ಟನ್ನು ಮಾತ್ರ ಹಿಡಿಯುತ್ತದೆ. ಕೊಯ್ಯುವಾಗ ಹೋಗುವ ಮರಕ್ಕೆ ಕೊಳ್ಳುವವನಿಗೆ ಸಿಗುವ ವಿನಾಯಿತಿ ಎಂದುಕೊಳ್ಳಬಹುದು. ಹೊರದೇಶದ ಮರದ ಬಿಲ್ಲು ಘನ ಮೀಟರಿನಲ್ಲಿರುತ್ತದೆ. 1 ಘನ ಮೀಟರ್ ಎಂದರೆ 35.3 ಘನ ಅಡಿ. ಹೀಗೆ ಪರಿವರ್ತಿಸಿದ ಮಾತ್ರಕ್ಕೆ ಎರಡು ದರಗಳನ್ನು ಹೋಲಿಸಲಾಗದು. ಆ ಗಾತ್ರ ಕಾಲುಭಾಗದ ಲೆಕ್ಕದ್ದೋ ಪೂರ್ತಿ ಗಾತ್ರದ್ದೋ ಎಂದು ಕೇಳಲೇಬೇಕು. ಕೇಳದೆ ಹೋದರೆ ಖರೀದಿಯ ಬಾಗಿಲಲ್ಲೇ ಐದರಲ್ಲೊಂದು ಪಾಲು ಲೆಕ್ಕ ತಪ್ಪುತ್ತದೆ.

ರಾಶಿಯ ಹಿಂದೆ ಕೊಯ್ಯುವ ಶೆಡ್ಡು. ದಿಮ್ಮಿ ಟ್ರಾಲಿಯ ಮೇಲೆ ಮಲಗಿ ಬ್ಯಾಂಡ್ ಸಾ ಕಡೆಗೆ ಹೋಗುತ್ತದೆ, ಮೊದಲು ತೊಗಟೆಯ ಹೊರಪದರ ಬೀಳುತ್ತದೆ, ಆಮೇಲೆ ಸುತ್ತಲಿನ ಬಿಳಿ ಭಾಗ, ಕೊನೆಗೆ ಚೇಗಿನ ಹಲಗೆಗಳು. ನಿಂತು ನೋಡುವಾಗ ಮನಸ್ಸಿಗೆ ಬಂದದ್ದು ದರದ ಮಾತು. ಘನ ಅಡಿಗೆ 2,500 ರೂಪಾಯಿಯಂತೆ 10 ಘನ ಅಡಿಯ ದಿಮ್ಮಿಗೆ 25,000 ಕೊಟ್ಟಿದ್ದೇವೆ ಎನ್ನೋಣ. ಅದರಿಂದ ಉಪಯೋಗಕ್ಕೆ ಬರುವ ಹಲಗೆ 6 ಘನ ಅಡಿ ಸಿಕ್ಕಿದರೆ ಹಲಗೆಯ ದರ 4,167 ಆಯಿತು. ಮೇಜಿಗೆಂದು 4 ಘನ ಅಡಿ ಹಲಗೆ ಒಯ್ದು, ಹೆರೆದು ಕತ್ತರಿಸಿದ ಮೇಲೆ ಮೇಜಿನಲ್ಲಿ ಉಳಿಯುವುದು 3 ಘನ ಅಡಿಯಾದರೆ, ಆ ಮರದ ದರ 5,556. ಒಂದೇ ಮರಕ್ಕೆ ಮೂರು ದರ. ಗಿರಾಕಿಗೆ ಅಂದಾಜು ಬರೆದುಕೊಡುವಾಗ ಮೇಜನ್ನು ಅಳೆದು, 3 ಘನ ಅಡಿಗೆ 2,500ರಂತೆ ಹಾಕಿದರೆ ಮರದ ಬಾಬತ್ತು 7,500 ಎಂದು ಕಾಣುತ್ತದೆ. ನಿಜವಾಗಿ ಹೋಗಿರುವುದು 16,667.

ಹಾಗಾದರೆ ಉಳಿದ ಮರ? ಅದು ಪೂರ್ತಿ ಹಾಳಾಗುವುದಿಲ್ಲ. ಶೆಡ್ಡಿನ ಮೂಲೆಯಲ್ಲಿ ಗಿಡ್ಡ ತುಂಡುಗಳು ಬೇರೆ, ಬಿಳಿ ಮರ ಬೇರೆ, ಸೌದೆ ಬೇರೆ, ಗರಗಸದ ಪುಡಿಯ ಚೀಲಗಳು ಬೇರೆ ಇದ್ದವು. ಗಿಡ್ಡ ತುಂಡುಗಳಿಂದ ಮಣೆ, ಸ್ಟೂಲು, ಚಿಕ್ಕ ಪೂಜಾ ಗೂಡು ಮಾಡುತ್ತಾರೆ. ಇವರ ಪುಸ್ತಕದಲ್ಲಿ ಆರಡಿ ಹಲಗೆಗೂ ಒಂದೂವರೆ ಅಡಿ ತುಂಡಿಗೂ ಘನ ಅಡಿಗೆ ಒಂದೇ ದರ. ಹಾಗಾಗಿ ಸ್ಟೂಲು ಸದಾ ನಷ್ಟದಲ್ಲಿ ಕಾಣುತ್ತದೆ. ಆದರೆ ಆರಡಿ ಹಲಗೆ ಬೇಕೆಂದೇ ದಿಮ್ಮಿ ಕೊಂಡದ್ದು, ತುಂಡು ಅದರ ಜೊತೆ ಬಂದದ್ದು. ಎರಡನ್ನೂ ಪೇಟೆಯಲ್ಲಿ ಮಾರಿದರೆ ಎಷ್ಟು ಬರುತ್ತದೋ ಆ ಪ್ರಮಾಣದಲ್ಲಿ ದಿಮ್ಮಿಯ ಖರ್ಚನ್ನು ಹಂಚಿದರೆ ಸ್ಟೂಲಿನ ಮೇಲಿನ ಹೊರೆ ಇಳಿಯುತ್ತದೆ. ಸ್ಟೂಲು ನಿಲ್ಲಿಸಬೇಕೆಂದು ಮಾಲೀಕರು ಯೋಚಿಸಿದ್ದರಂತೆ. ನಿಲ್ಲಿಸಿದರೆ ದಿಮ್ಮಿಯ ಖರ್ಚಿನಲ್ಲಿ ಒಂದು ಪೈಸೆಯೂ ಕಡಿಮೆಯಾಗದು, ತುಂಡುಗಳೆಲ್ಲ ಸೌದೆಗೆ ಹೋಗುತ್ತವೆ. ಪುಡಿ ಮತ್ತು ಸೌದೆಯ ಮಾರಾಟದ ಹಣವನ್ನು ಮರದ ಖರ್ಚಿನಿಂದ ಕಳೆದರೆ ಸಾಕು, ಪ್ರತ್ಯೇಕ ಖರ್ಚು ಹಂಚುವಷ್ಟು ಬೆಲೆ ಅವುಗಳಿಗಿಲ್ಲ.

ಮುಂದೆ ಹಲಗೆ ಒಣಗುವ ಜಾಗ. ಹಲಗೆಗಳ ನಡುವೆ ಅಡ್ಡ ಪಟ್ಟಿಯಿಟ್ಟು ಗಾಳಿಯಾಡುವಂತೆ ಅಟ್ಟಿ ಹಾಕಿದ್ದಾರೆ. ಮೇಸ್ತ್ರಿ ತೇವ ಅಳೆಯುವ ಪುಟ್ಟ ಯಂತ್ರವನ್ನು ಹಲಗೆಗೆ ಚುಚ್ಚಿ ತೋರಿಸಿದರು. ಶೇ 12ರ ಆಸುಪಾಸಿಗೆ ಬರುವ ತನಕ ಅವರು ಮರ ಮುಟ್ಟುವುದಿಲ್ಲ. ಹಸಿ ಮರದಲ್ಲಿ ಮಾಡಿದ ಬಾಗಿಲು ಬೇಸಿಗೆಯಲ್ಲಿ ಕುಗ್ಗಿ, ಮಳೆಯಲ್ಲಿ ಉಬ್ಬಿ, ಕೊನೆಗೆ ಗಿರಾಕಿಯ ಫೋನಾಗಿ ವಾಪಸು ಬರುತ್ತದೆ. ಇಲ್ಲಿ ಯಾರೂ ಕೆಲಸ ಮಾಡುತ್ತಿರಲಿಲ್ಲ, ಯಂತ್ರವೂ ಓಡುತ್ತಿರಲಿಲ್ಲ. ಖರ್ಚು ಮಾತ್ರ ಓಡುತ್ತಿತ್ತು. ಹತ್ತು ಲಕ್ಷದ ಮರ ಆರು ತಿಂಗಳು ಇಲ್ಲಿ ನಿಂತರೆ ವರ್ಷಕ್ಕೆ ಶೇ 12ರ ಬಡ್ಡಿಯಲ್ಲಿ ಅರುವತ್ತು ಸಾವಿರ. ವರ್ಷಾಂತ್ಯದ ದಾಸ್ತಾನಿನ ಬೆಲೆಗೆ ಸಾಮಾನ್ಯವಾಗಿ ಬಡ್ಡಿಯನ್ನು ಸೇರಿಸುವುದಿಲ್ಲ, ಭಾರತದ ಲೆಕ್ಕಪತ್ರ ಮಾನದಂಡ 2ರ ರೀತಿಯೇ ಹಾಗೆ. ಅದು ಸರಿ. ಆದರೆ ಮಂಚಕ್ಕೆ ಬೆಲೆ ಕಟ್ಟುವಾಗಲೂ ಅದನ್ನು ಮರೆತುಬಿಟ್ಟರೆ ಒಣಗಿದ ಮರಕ್ಕೂ ಹಸಿ ಮರಕ್ಕೂ ಒಂದೇ ಬೆಲೆ ಹಾಕಿದಂತಾಗುತ್ತದೆ. ಇದೇ ಮರವನ್ನು ಬಿಸಿಗಾಳಿಯ ಒಲೆಗೆ ಕೊಟ್ಟು ಬೇಗ ಒಣಗಿಸಿದರೆ ಲಾಭವೇ ಎಂದು ಮಾಲೀಕರು ಕೇಳಿದರು. ಒಲೆಯವರ ದರವನ್ನೂ ಉಳಿಯುವ ಬಡ್ಡಿಯನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು ಎಂದಷ್ಟೇ ಹೇಳಿದೆ.

ಬಡಗಿಗಳ ಸಾಲನ್ನು ಬೇಗ ದಾಟಿದೆವು. ಇಲ್ಲಿ ಕೂಲಿ ಎರಡು ರೀತಿ, ಕೆಲವರಿಗೆ ದಿನದ ಸಂಬಳ, ಕೆತ್ತನೆಯ ಆಚಾರ್ರಿಗೆ ಪೀಸಿನ ಲೆಕ್ಕ. ಗೋಡೆಗೆ ಒಂದು ಹಲಗೆ ತೂಗುಹಾಕಿ ಯಾರು ಯಾವ ಆರ್ಡರಿನ ಮೇಲೆ ಇದ್ದಾರೆಂದು ಸೀಮೆಸುಣ್ಣದಲ್ಲಿ ಬರೆದಿದ್ದರು. ಸಂಜೆ ಅದನ್ನು ಒರೆಸಿಬಿಡುತ್ತಾರಂತೆ. ಒರೆಸುವ ಮೊದಲು ಒಂದು ಫೋಟೊ ತೆಗೆದಿಟ್ಟರೂ ಪ್ರತಿ ಆರ್ಡರಿನ ಕೂಲಿ ಲೆಕ್ಕ ಸಿಗುತ್ತದೆ. ತಿರುಗಣಿ, ಡ್ರಾಯರ್ ಚಾನೆಲ್, ಸ್ಕ್ರೂಗಳ ಡಬ್ಬಿ ನಡುವೆ ತೆರೆದೇ ಇತ್ತು. ಬೇಕಾದವರು ಬೇಕಾದಷ್ಟು ತೆಗೆದುಕೊಳ್ಳುತ್ತಾರೆ. ಸ್ಕ್ರೂಗೆ ಲೆಕ್ಕ ಇಡುವುದು ವ್ಯರ್ಥ, ನಿಜ. ಆದರೆ ವಾರ್ಡ್‌ರೋಬಿಗೆ ಹಾಕುವ ಒಳ್ಳೆಯ ಚಾನೆಲ್ಲು ಸ್ಕ್ರೂ ಅಲ್ಲ. ಅದು ಆಯಾ ಆರ್ಡರಿನ ಚೀಟಿಗೇ ಹೋಗಬೇಕು.

ಪಕ್ಕದ ಕೋಣೆಯಲ್ಲಿ ಕಂಪ್ಯೂಟರ್ ಹೇಳಿದಂತೆ ಕೆತ್ತುವ ಸಿಎನ್‌ಸಿ ಯಂತ್ರ. ಪೂಜಾ ಮಂಟಪದ ಕಂಬವೊಂದರಲ್ಲಿ ಬಳ್ಳಿ ನಿಧಾನವಾಗಿ ಮೂಡುತ್ತಿತ್ತು. ಈ ಯಂತ್ರದ ಸಾಲದ ಕಂತನ್ನೇ ಪ್ರತಿ ತಿಂಗಳ ಖರ್ಚೆಂದು ಬರೆದುಕೊಳ್ಳುತ್ತಾರೆ. ಕಂತಿನಲ್ಲಿ ಅಸಲು ತೀರಿಸುವ ಪಾಲೂ ಇರುತ್ತದೆ, ಅದು ಖರ್ಚಲ್ಲ. ಖರ್ಚು ಎಂದರೆ ಬಡ್ಡಿ ಮತ್ತು ಯಂತ್ರದ ಸವಕಳಿ. ಸಾಲ ತೀರಿದ ಮೇಲೆ ಯಂತ್ರ ಪುಕ್ಕಟೆಯಾಗಿ ಓಡುತ್ತಿದೆ ಎಂಬ ಭ್ರಮೆ ಹುಟ್ಟುವುದು ಹೀಗೆಯೇ. ಇದು ಸಣ್ಣ ಕಾರ್ಖಾನೆಗಳಲ್ಲಿ ಬಹಳ ಸಾಮಾನ್ಯ ಎಂದು ನನ್ನ ಅನಿಸಿಕೆ.

ಮುಂದಿನದು ಪಾಲಿಶ್ ಕೋಣೆ. ಬಾಗಿಲ ಹೊರಗೆ ಮೇಜು, ಮಂಚ, ಕುರ್ಚಿಗಳು ಸರತಿಯಲ್ಲಿ ನಿಂತಿದ್ದವು. ದೂಳು ಬೀಳಬಾರದೆಂದು ಒಳಗೆ ಪರದೆ, ಗಾಳಿ ಹೊರಹಾಕುವ ಫ್ಯಾನು. ಒಂದು ಪದರ ಹಚ್ಚಿ, ಒಣಗಲು ಬಿಟ್ಟು, ಸ್ಯಾಂಡ್‌ಪೇಪರಿನಿಂದ ಉಜ್ಜಿ, ಮತ್ತೊಂದು ಪದರ. ಮಳೆಗಾಲದಲ್ಲಿ ಒಣಗುವುದು ಇನ್ನೂ ತಡ. ಕೆತ್ತನೆಯಿದ್ದರೆ ಪ್ರತಿ ಸಂದಿಯಲ್ಲೂ ಬೆರಳು ಆಡಿಸಬೇಕು. ಪಾಲಿಶ್ ಮೇಸ್ತ್ರಿ ಹೇಳಿದ ಮಾತು ಕಿವಿಯಲ್ಲಿ ಉಳಿಯಿತು: “ಆ ಕಡೆ ಎಷ್ಟು ಬೇಗ ಮಾಡಿದ್ರೂ ಸಾರ್, ಇಲ್ಲಿ ಬಂದು ಕಾಯ್ಲೇಬೇಕು.” ಈ ಕಾರ್ಖಾನೆಯಿಂದ ತಿಂಗಳಿಗೆ ಎಷ್ಟು ವಸ್ತು ಹೊರಹೋಗುತ್ತದೆ ಎಂಬುದನ್ನು ತೀರ್ಮಾನಿಸುವುದು ಇದೊಂದೇ ಕೋಣೆ.

ಅಲ್ಲೇ ಒಂದು ಸ್ಟೂಲಿನ ಮೇಲೆ ಕೂತು ಲೆಕ್ಕ ಹಾಕಿದೆ. ಬಾಡಿಗೆ, ಕರೆಂಟು, ಮೇಸ್ತ್ರಿ ಸಂಬಳ, ಸವಕಳಿ ಎಲ್ಲ ಸೇರಿ ತಿಂಗಳಿಗೆ 3 ಲಕ್ಷ ಸಾಮಾನ್ಯ ಖರ್ಚು, ಮರದ ಖರ್ಚು 10 ಲಕ್ಷ ಎಂದಿಟ್ಟುಕೊಳ್ಳೋಣ. ಇವರು ಮಾಡುವುದು ಮರದ ಬೆಲೆಯ ಮೇಲೆ ಶೇ 30 ಸೇರಿಸುವುದು. 60,000ಕ್ಕೆ ಮಾರುವ ಊಟದ ಮೇಜಿನಲ್ಲಿ ಮರ 20,000, ಮರ ಕೂಲಿ ಸಾಮಗ್ರಿ ಎಲ್ಲ ಸೇರಿದ ನೇರ ಖರ್ಚು 40,000. ಸಾಮಾನ್ಯ ಖರ್ಚಿನ ಪಾಲು 6,000, ಲಾಭ 14,000. 75,000ದ ಪೂಜಾ ಮಂಟಪದಲ್ಲಿ ಮರ 12,000 ಮಾತ್ರ, ನೇರ ಖರ್ಚು 45,000. ಸಾಮಾನ್ಯ ಖರ್ಚಿನ ಪಾಲು 3,600, ಲಾಭ 26,400. ಮಂಟಪವೇ ಮೇಲು ಎಂದು ಪುಸ್ತಕ ಹೇಳುತ್ತದೆ, ಮಾಲೀಕರೂ ಮಂಟಪದ ಆರ್ಡರ್ ಹಿಡಿಯಲು ಓಡಾಡುತ್ತಿದ್ದಾರೆ.

ಈಗ ಪಾಲಿಶ್ ಕೋಣೆಯ ಲೆಕ್ಕ. ತಿಂಗಳಿಗೆ 200 ಗಂಟೆ ಕೆಲಸ, ಮೇಜಿಗೆ 5 ಗಂಟೆ, ಮಂಟಪಕ್ಕೆ 12 ಗಂಟೆ. ಆ 3 ಲಕ್ಷವನ್ನು ಗಂಟೆಗೆ 1,500ರಂತೆ ಹಂಚಿದರೆ ಮೇಜಿನ ಲಾಭ 12,500, ಮಂಟಪದ್ದು 12,000. ಕ್ರಮವೇ ತಲೆಕೆಳಗಾಯಿತು. ಎಲ್ಲ ಖರ್ಚನ್ನೂ ಪಾಲಿಶ್ ಗಂಟೆಯ ಮೇಲೆ ಹೇರುವುದು ಪೂರ್ತಿ ನ್ಯಾಯವೆಂದು ನಾನು ಹೇಳಲಾರೆ. ಸಿಎನ್‌ಸಿ ಯಂತ್ರದ ಖರ್ಚು ಅದರ ಗಂಟೆಗೆ, ಒಣಗಿಸುವ ಜಾಗದ ಬಾಡಿಗೆ ಅಲ್ಲಿರುವ ಮರಕ್ಕೆ ಹೋಗುವುದು ಇನ್ನೂ ಒಳ್ಳೆಯದು. ಹಂಚಿಕೆಯನ್ನೇ ಬಿಟ್ಟು ಮಾರಾಟದ ಬೆಲೆಯಿಂದ ನೇರ ಖರ್ಚು ಕಳೆದು ಉಳಿದದ್ದನ್ನು ಈ ಕೋಣೆಯ ಗಂಟೆಯಿಂದ ಭಾಗಿಸಿದರೆ ಚಿತ್ರ ಮತ್ತೂ ತಿಳಿಯಾಗುತ್ತದೆ: ಮೇಜು ಗಂಟೆಗೆ 4,000 ತರುತ್ತದೆ, ಮಂಟಪ 2,500. ಎರಡಕ್ಕೂ ಗಿರಾಕಿ ಕಾಯುತ್ತಿದ್ದರೆ ಮೊದಲು ಒಳಗೆ ಹೋಗಬೇಕಾದದ್ದು ಮೇಜು. ಇಲ್ಲವೇ ಮಂಟಪದ ಬೆಲೆ ಏರಬೇಕು. ಗಂಟೆಗೆ 4,000 ತರಬೇಕಾದರೆ 12 ಗಂಟೆಯ ಮಂಟಪ 93,000ಕ್ಕೆ ಹೋಗಬೇಕು. ಆ ಬೆಲೆಗೆ ಕೊಳ್ಳುವವರಿದ್ದಾರೆಯೇ ಎಂಬುದು ಪೇಟೆಗೆ ಬಿಟ್ಟದ್ದು.

ತಯಾರಾದ ವಸ್ತುಗಳ ಗೋದಾಮಿನಲ್ಲಿ ಹಾಳೆ ಹೊದಿಸಿದ ಒಂದು ಭಾರಿ ಸೋಫಾ ಸೆಟ್ಟು. ತೋಳುಗಳ ಮೇಲೆ ಸಿಂಹದ ಮುಖ. ಹಳೆಯ ವಿನ್ಯಾಸ, ಕೇಳುವವರಿಲ್ಲ. “ಹಾಕಿದ್ದಾದ್ರೂ ಬರ್ಲಿ ಅಂತ ಇಟ್ಕೊಂಡಿದೀನಿ” ಎಂದರು ಮಾಲೀಕರು. ಹಾಕಿದ್ದು ಹೋಯಿತು, ಅದನ್ನು ಈಗ ಯಾವ ತೀರ್ಮಾನವೂ ಮರಳಿ ತಾರದು. ಇಂದು ಇದಕ್ಕೆ ಎಷ್ಟು ಸಿಗುತ್ತದೆ, ಇದು ನಿಂತಿರುವ ಜಾಗಕ್ಕೆ ಎಷ್ಟು ಬೆಲೆ, ಇವೆರಡೇ ಪ್ರಶ್ನೆ. ದಾಸ್ತಾನು ಪಟ್ಟಿಯಲ್ಲೂ ತಗುಲಿದ ಖರ್ಚು ಮತ್ತು ಮಾರಿದರೆ ನಿವ್ವಳವಾಗಿ ಬರುವ ಹಣ, ಇವುಗಳಲ್ಲಿ ಕಡಿಮೆಯಾದದ್ದನ್ನೇ ಬರೆಯಬೇಕು.

ಕೊನೆಗೆ ಕಚೇರಿ. ಮಾರ್ಚ್ ಕೊನೆ, ವರ್ಷದ ದಾಸ್ತಾನು ಎಣಿಸುವ ಹೊತ್ತು. ಲೆಕ್ಕ ನೋಡುವ ಮೇಡಂ ಮುಂದೆ ಬಿಲ್ಲುಗಳು ಹರಡಿದ್ದವು. ದಿಮ್ಮಿಯ ಬಿಲ್ಲಿನ ಜಿಎಸ್‌ಟಿಯೂ ಸೇರಿದ ಮೊತ್ತವೇ ಮರದ ಖರ್ಚಿನ ಕಾಲಮಿನಲ್ಲಿತ್ತು. ಮಾರಾಟದ ತೆರಿಗೆಯಲ್ಲಿ ಅದನ್ನು ಮುರಿದುಕೊಳ್ಳುವ ವ್ಯಾಪಾರಕ್ಕೆ ಆ ತೆರಿಗೆ ಖರ್ಚಲ್ಲ, ಇವರು ಮುರಿದುಕೊಳ್ಳುತ್ತಲೂ ಇದ್ದಾರೆ. ಶೇ 18 ಸುಮ್ಮನೆ ಮರದ ಮೇಲೆ ಕೂತಿತ್ತು. ಅರ್ಧ ಮುಗಿದ ಕುರ್ಚಿಗಳಿಗೆ ಯಾವ ಬೆಲೆ ಹಾಕಲಿ ಎಂಬುದು ಅವರ ಚಿಂತೆ. ಮರ ಪೂರ್ತಿ ಸೇರಿದೆ, ಕೂಲಿ ಮುಕ್ಕಾಲು, ಪಾಲಿಶ್ ಏನೂ ಇಲ್ಲ ಎಂದು ಮೂರನ್ನೂ ಬೇರೆಬೇರೆ ಅಂದಾಜು ಮಾಡುವುದೇ ದಾರಿ. ಎಲ್ಲದಕ್ಕೂ ಒಟ್ಟಾಗಿ ಅರ್ಧ ಬೆಲೆ ಎಂದರೆ ಆಗದು.

ಮೇಜಿನ ಮೇಲೆ ಶಾಲೆಯೊಂದರ ಪತ್ರವಿತ್ತು. 200 ಬೆಂಚು, ಒಂದಕ್ಕೆ 3,800, ಮೇ ಕೊನೆಗೆ ಬೇಕು. ಪುಸ್ತಕದ ಪ್ರಕಾರ ಬೆಂಚಿನ ಪೂರ್ತಿ ಖರ್ಚು 4,200, ಅದರಲ್ಲಿ 900 ಸಾಮಾನ್ಯ ಖರ್ಚಿನ ಪಾಲು. ನಷ್ಟವೆಂದು ಪತ್ರವನ್ನು ಪಕ್ಕಕ್ಕಿಟ್ಟಿದ್ದರು. ನೇರ ಖರ್ಚು 3,300 ಆದ್ದರಿಂದ ಬೆಂಚೊಂದಕ್ಕೆ 500 ಉಳಿಯುತ್ತದೆ, ಒಟ್ಟು 1 ಲಕ್ಷ. ಬಾಡಿಗೆ, ಸಂಬಳ ಹೇಗೂ ಕೊಡಬೇಕಾದವು. ಆದರೆ ಪ್ರತಿ ಬೆಂಚು ಪಾಲಿಶ್ ಕೋಣೆಯಲ್ಲಿ ಕಾಲು ಗಂಟೆ ಹಿಡಿಯುತ್ತದೆ, ಒಟ್ಟು 50 ಗಂಟೆ. ಏಪ್ರಿಲ್, ಮೇ ಮದುವೆಯ ಕಾಲ, ಕೋಣೆ ಭರ್ತಿ. ಆ 50 ಗಂಟೆಯಲ್ಲಿ 10 ಊಟದ ಮೇಜು ಹೊರಬರುತ್ತವೆ, 2 ಲಕ್ಷ ಉಳಿಯುತ್ತದೆ. ಆಷಾಢದಲ್ಲಾದರೆ ಕೋಣೆ ಅರ್ಧ ಖಾಲಿ, ಆಗ ಬೆಂಚಿನ ಒಂದು ಲಕ್ಷ ಪೂರ್ತಿ ಲಾಭವೇ.

ಮಾಲೀಕರು ಕಾಗದದ ಮೇಲಿನ ಅಂಕಿಗಳನ್ನು ಎರಡು ಸಲ ನೋಡಿದರು. ಆಮೇಲೆ ಶಾಲೆಗೆ ಫೋನು ಮಾಡಿ, ಶಾಲೆ ತೆರೆಯುವ ಹೊತ್ತಿಗೆ 50 ಬೆಂಚು, ಉಳಿದ 150 ಆಷಾಢ ಮುಗಿಯುವುದರೊಳಗೆ ಕೊಟ್ಟರೆ ಆಗುತ್ತದೆಯೇ, ಬೆಲೆ ನೀವು ಹೇಳಿದ್ದೇ ಇರಲಿ ಎಂದು ಕೇಳಿದರು.